ನಾಲಿಗೆತನಕ ಬಂದ ಗುಣ

ನೇರಳೆ ಹಣ್ಣು ಮಾರುವ ಫಕೀರವ್ವನಿಗೆ ಸಂತೆಯ ಉಸ್ತುವಾರಿ ಸಾಹೇಬರ ಕಾಟ ಸಾಕುಸಾಕಾಗಿತ್ತು. ರುಚಿ ನೋಡುತ್ತೇನೆಂದು ವಾರವಾರವೂ ಬೊಗಸೆ ತುಂಬ ತಿನ್ನುತ್ತಿದ್ದರು, ಒಂದು ಹಣ್ಣನ್ನೂ ಕೊಳ್ಳುತ್ತಿರಲಿಲ್ಲ.

ಆ ದಿನವೂ ತಿಂದು ಮುಗಿಸಿ ಗದರಿದರು: “ರಕ್ತಕ್ಕ ಒಳ್ಳೇದು, ಮುಖಕ್ಕ ಕಳೆ ಬರ್ತದ ಅಂತ ಕೂಗ್ತಿ. ನನ್ನ ಮುಖಕ್ಕ ಏನು ಬಂದದ? ಸುಳ್ಳು ಹೇಳಿ ಮಾರ್ತಿ. ಬುಟ್ಟಿ ಎತ್ತು, ನಡಿ!”

ಜನ ಸೇರಿದರು. ಫಕೀರವ್ವ ಹಣೆ ಚಚ್ಚಿಕೊಂಡಳು. “ಸಾಹೇಬ್ರ, ಒಮ್ಮೆ ನಾಲಿಗಿ ತೋರಸ್ರಿ.”

ಸಾಹೇಬರು ನಾಲಿಗೆ ಚಾಚಿದರು. ಥೇಟ್ ಬದನೆಕಾಯಿ ಬಣ್ಣ!

“ನೋಡ್ರಿ, ಗುಣ ನಾಲಿಗಿತನಕ ಬಂದದ. ಪುಕ್ಕಟೆ ತಿಂದದ್ದು ಅಲ್ಲೇ ನಿಲ್ತದ. ಮುಖದತನಕ ಬರಬೇಕಂದ್ರ ಒಂದು ಕಿಲೋ ಕೊಂಡು ತಿನ್ನಬೇಕ್ರಿ.”

ಸಂತೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಸಾಹೇಬರು ಬಾಯಿ ಬಿಗಿಹಿಡಿದು, ಒಂದು ಕಿಲೋ ತೂಗು ಎಂದು ಬೆರಳಲ್ಲೇ ಸನ್ನೆ ಮಾಡಿದರು.