ಹತ್ತೊಂಬತ್ತನೆಯ ಅಂಗಡಿ

ಮೇಲ್ವಿಚಾರಕ ಗುರುಪಾದಯ್ಯ ಪ್ರತಿ ಫೋಟೋವನ್ನೂ ಕಣ್ಣಾರೆ ನೋಡುತ್ತಾರೆಂದು ಆಫೀಸಿನಲ್ಲಿ ಎಲ್ಲರೂ ನಂಬಿದ್ದರು. ಅಂಗಡಿಗಳ ಕಪಾಟಿನ ಫೋಟೋ ತೆಗೆದು ಬೆಲೆ ಬರೆದು ತರುವುದು ರೇಣುಕಾಳ ಕೆಲಸ. ಕೂಲಿ ಒಂದು ಅಂಗಡಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಅವಳು ತಂದ ಹತ್ತೊಂಬತ್ತು ಅಂಗಡಿಗಳ ಫೋಟೋಗಳಲ್ಲಿ ಹದಿನೆಂಟನ್ನು ಗುರುಪಾದಯ್ಯ ತಿರಸ್ಕರಿಸಿದರು.

"ಮನೇಲಿ ಕೂತು ತೆಗೆದದ್ದು ನನಗೆ ಗೊತ್ತಾಗಲ್ವೇನಮ್ಮ? ಮತ್ತೆ ಹೋಗು. ಇಲ್ಲಾಂದ್ರೆ ಕೂಲಿ ಇಲ್ಲ."

"ಆಯ್ತು ಸರ್. ಒಪ್ಪಿದ ಆ ಒಂದರಲ್ಲಿ ಏನು ಚೆನ್ನಾಗಿದೆ, ಹೇಳಿದ್ರೆ ಕಲೀತೀನಿ."

"ಅದು ಅಂಗಡಿ ಅಂದ್ರೆ. ಮಾಲೀಕರಿಗೆ ನಾನೇ ಫೋನ್ ಮಾಡಿ ಖಚಿತ ಮಾಡ್ಕೊಂಡೆ."

ರೇಣುಕಾ ಆ ಫೋಟೋವನ್ನು ಮೊಬೈಲಿನಲ್ಲಿ ತೆರೆದು ಆಫೀಸಿನಲ್ಲಿದ್ದ ಎಲ್ಲರಿಗೂ ತೋರಿಸಿದಳು. ಅವರೆಲ್ಲ ಫೋಟೋ ನೋಡಿದರು, ಆಮೇಲೆ ಸಾಹೇಬರ ಬೆನ್ನ ಹಿಂದಕ್ಕೆ ನೋಡಿದರು. ಗುರುಪಾದಯ್ಯನವರೂ ತಿರುಗಿ ನೋಡಿ, ಹದಿನೆಂಟಕ್ಕೂ ಸಹಿ ಹಾಕಿದರು.

ಫೋಟೋದಲ್ಲಿದ್ದದ್ದು ಅವರ ಕುರ್ಚಿಯ ಹಿಂದಿನ ಬಿಸ್ಕತ್ತಿನ ಕಪಾಟು.