ಮೊಳೆ ಬಿಟ್ಟ ಜಮಖಾನೆ

ನೀವು ನಂಬೋದಿಲ್ಲ, ಬೇಕಾದರೆ ಪಂದ್ಯ ಕಟ್ಟಿ: ಊರಲ್ಲಿ ಹದಿನಾರು ಮದುವೆಗೆ ಹಾಸಿದ ಜಮಖಾನೆ ನಾನು, ಪೇಟೆಯ ಕಲಾ ಮ್ಯೂಸಿಯಂನ ಗೋಡೆ ಹತ್ತಿದೆ. ಭಾನುವಾರ ಅಲ್ಲಿ ಮನೆಮಂದಿಯನ್ನೆಲ್ಲ ಕರೆದು ಚಿತ್ರ ಬಿಡಿಸುವ ಕಾರ್ಯಕ್ರಮ. ಅದಕ್ಕೆ ನೆಲದಲ್ಲಿ ಹಾಸಲೆಂದು ನನ್ನನ್ನು ತರಿಸಿದ ಮ್ಯೂಸಿಯಂ ಅಧಿಕಾರಿ, ಅಂದ ನೋಡಿ ಮೊಳೆಗೇ ಏರಿಸಿದ.

ಎದುರಿಗಿದ್ದ ದಿವಾನರ ಪಟವನ್ನು ನಾನೇ ಮಾತಿಗೆಳೆದೆ. "ಸಾವಿರ ಜನರನ್ನು ಕೂರಿಸಿದವನು ನಾನು. ನಿಮ್ಮ ಮೇಲೆ ಒಬ್ಬ ನೆಂಟನಾದರೂ ಕೂತಿದ್ದಾನೆಯೇ, ದಿವಾನರೇ?"

"ಇಲ್ಲ ತಮ್ಮಾ. ಆದರೆ ನನ್ನನ್ನು ಯಾರೂ ಮಡಚಿ ಅಟ್ಟಕ್ಕೆ ಎಸೆಯುವುದಿಲ್ಲ. ಬುದ್ಧಿಯಿದ್ದರೆ ನೀನೂ ಮೊಳೆ ಬಿಡಬೇಡ."

ಅಟ್ಟದ ಇಲಿಗಳು ನೆನಪಾಗಿ ಮೊಳೆಯನ್ನು ಬಿಗಿಯಾಗಿ ಹಿಡಿದೆ.

ಭಾನುವಾರ ಬಾಳವ್ವಜ್ಜಿ ನಾಲ್ವರು ಮೊಮ್ಮಕ್ಕಳೊಂದಿಗೆ ಬಂದಳು. ಮೊಣಕಾಲು ಒತ್ತಿಕೊಳ್ಳುತ್ತ ಎಲ್ಲ ಕೋಣೆ ಸುತ್ತಿದಳು, ಕೂರಲು ಎಲ್ಲೂ ಜಾಗವಿರಲಿಲ್ಲ. ಕೊನೆಗೆ ನನ್ನ ಮುಂದೆ ನಿಂತು ಅಧಿಕಾರಿಯನ್ನು ಕೇಳಿದಳು: "ಸಾಹೇಬ್ರ, ಕುಂಡ್ರೋ ಜಮಖಾನಿನ ಗ್ವಾಡಿಗೆ ಏರಿಸಿ, ಕರೆದ ಬೀಗರನ್ನ ನಿಂದ್ರಿಸೀರಿ. ಇದು ಯಾವೂರ ರಿವಾಜ್ ರೀ?"

ಬೀಗರು ನಿಂತಿರುವಾಗ ನೇತಾಡಿಕೊಂಡಿರುವ ಜಾತಿ ನನ್ನದಲ್ಲ. ಮೊಳೆ ಬಿಟ್ಟು ಅವಳ ಕಾಲ ಬಳಿ ಹಾಸಿಕೊಂಡೆ.

"ಕೆಟ್ಟೆಯಲ್ಲೋ," ಎಂದರು ದಿವಾನರು.

ಅಜ್ಜಿ ಉಸ್ಸೆಂದು ಕೂತಳು. ಮೊಮ್ಮಕ್ಕಳು ಸುತ್ತ ಕೂತು, ಹಾಳೆ ಬಿಡಿಸಿ, ದಿವಾನರ ಮೀಸೆ ಬರೆಯತೊಡಗಿದರು. ಬಂದಿದ್ದ ಬೇರೆ ಮನೆಗಳವರೂ ಒತ್ತಿಕೊಂಡು ಕೂತರು.

ದಿವಾನರು ಮೆಲ್ಲಗೆ ಹೇಳಿದರು, "ತಮ್ಮಾ, ನನ್ನನ್ನು ಕೂತು ನೋಡಿದವರು ಇವರೇ ಮೊದಲು."

ಸಂಜೆ ಅಧಿಕಾರಿ ನನ್ನನ್ನು ಮಡಚಲಿಲ್ಲ. ನನಗೆ ಕೊಟ್ಟದ್ದು ದಿವಾನರ ಎದುರಿನ ನೆಲ, ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ, ಕಾಯಂ.