ಮೇಲಿನ ಎಲೆಯ ದರ್ಬಾರು

ಪಕ್ಕದ ಗದ್ದೆಗಿಂತ ತನ್ನ ಗದ್ದೆ ಹಸಿರಾಗಿ ಕಾಣಬೇಕೆಂಬ ಹಟಕ್ಕೆ ಸಣ್ಣನಿಂಗಪ್ಪ ಭತ್ತದ ಪೈರಿಗೆ ಮತ್ತೊಂದು ಮೂಟೆ ಯೂರಿಯಾ ಎರಚಿದ. ಮೇಲಿನ ಎಲೆ ಆಕಾಶವೆಲ್ಲ ತನ್ನಪ್ಪನದು ಎಂಬಂತೆ ಅಗಲವಾಗಿ ಹರಡಿಕೊಂಡಿತು. ಬದುವಿನ ಮೇಲೆ ಹೋಗುವವರೆಲ್ಲ ಅದರ ಬಣ್ಣವನ್ನು ಹೊಗಳಿದರು. ಹೊಗಳಿಕೆ ಅದಕ್ಕೆ ಯೂರಿಯಾಕ್ಕಿಂತ ಬೇಗ ಹತ್ತಿತು. ಕೆಳಗಿನ ಎಲೆಗೆ ಮಾತ್ರ ಹಗಲೇ ಕತ್ತಲಾಯಿತು.

"ಅಣ್ಣಾ, ಸ್ವಲ್ಪ ಸರಿದುಕೋ. ಬಿಸಿಲಿಲ್ಲದೆ ನಾನು ಅಡುಗೆ ಮಾಡಲಾರೆ," ಎಂದಿತು ಕೆಳಗಿನ ಎಲೆ.

"ತೆನೆಗೆ ಉಣಿಸಲು ನಾನಿದ್ದೇನೆ. ನೀನು ಯಾರಿಗೆ ಬಡಿಸಬೇಕು?"

"ಬೇರಿಗೆ."

"ಕೆಸರಿನಲ್ಲಿ ಕೂತವನಿಗೂ ಊಟವೇ? ಅವನ ಮುಖವನ್ನು ಯಾರಾದರೂ ನೋಡಿದ್ದಾರೆಯೇ? ನೀನು ಹಳದಿಯಾದದ್ದು ನಿನ್ನ ಸೋಮಾರಿತನದಿಂದ, ನನ್ನ ನೆರಳಿನಿಂದಲ್ಲ. ನನ್ನನ್ನು ನೋಡಿ ಕಲಿ."

ಕಲಿಯೋಣವೆಂದು ಕೆಳಗಿನ ಎಲೆ ತಲೆಯೆತ್ತಿ ನೋಡಿತು. ಕಂಡದ್ದು ಅಣ್ಣನ ಹೊಟ್ಟೆ ಮಾತ್ರ. ಕೆಲವೇ ದಿನಗಳಲ್ಲಿ ಕೆಳಗಿನ ಎಲೆ ಒಣಗಿತು. ಬೇರು ಉಪವಾಸ ಬಿದ್ದು ಮಣ್ಣಿನ ಹಿಡಿತ ಸಡಿಲಿಸಿತು.

ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಒಂದು ಸಂಜೆ ಗಾಳಿ ಬೀಸಿತು. ದೊಡ್ಡ ಗಾಳಿಯೇನಲ್ಲ. ಪೈರು ತೆನೆಯ ಸಮೇತ ಮಲಗಿತು. ಮೇಲಿನ ಎಲೆಯ ಮುಖ ಕೆಸರಿಗೆ ತಾಗಿತು.

"ಗಟ್ಟಿಯಾಗಿ ಹಿಡಿದುಕೊಳ್ಳಲು ನಿನಗೇನು ರೋಗ?" ಎಂದು ಅದು ಬೇರನ್ನು ಗದರಿಸಿತು.

"ಹಿಡಿಯುವ ಕೈಗೆ ಅನ್ನ ಹಾಕುತ್ತಿದ್ದವನನ್ನು ಒಣಗಿಸಿದವರು ತಾವೇ," ಎಂದಿತು ಬೇರು. "ಇರಲಿ, ಬಂದದ್ದು ಬಂದಿರಿ, ಆರಾಮಾಗಿ ಮಲಗಿ ಸ್ವಾಮಿ. ಇಲ್ಲಿ ನಮ್ಮ ಮುಖವನ್ನು ಯಾರೂ ನೋಡುವುದಿಲ್ಲ."